ನೋಟಿಸ್ ಬೋರ್ಡಿನ ಕೀ

ಪ್ರತಿ ಕಾಲೇಜಿನಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರು ಎಲ್ಲರ ಕಣ್ಣಿಗೆ ಬೀಳುವಲ್ಲಿ ಇರಬೇಕು. ಇದು ಯಾರ ದಯೆಯೂ ಅಲ್ಲ, ಹತ್ತು ವರ್ಷ ದಾಟಿದ ಕಾನೂನು.

ಸುರತ್ಕಲ್ ಕಡೆಯ ಒಂದು ಕಾಲೇಜಿನಲ್ಲಿ ಆ ಹೆಸರುಗಳ ಹಾಳೆ ವರ್ಷಕ್ಕೆ ಮೂರು ದಿನ ಬೆಳಕು ಕಾಣುತ್ತಿತ್ತು. ತಪಾಸಣೆಯ ತಂಡ ಬರುವ ಹಿಂದಿನ ದಿನ ಅಟೆಂಡರ್ ಕುಶಲಾ ಗಾಜಿನ ಬೋರ್ಡಿನ ಬೀಗ ತೆಗೆದು ಅದಕ್ಕೆ ಪಿನ್ ಚುಚ್ಚುವಳು. ತಂಡದ ಕಾರು ವಾಪಸು ಗೇಟು ದಾಟಿದೊಡನೆ ಕಿತ್ತು ಕಪಾಟಿಗೆ ಹಾಕುವಳು. ಬೋಳಾರದಿಂದ ಎರಡು ಬಸ್ಸು ಹಿಡಿದು ಬರುವ ಅವಳು ಹನ್ನೊಂದು ವರ್ಷ ಹಾಕು ಎಂದಾಗ ಹಾಕಿದಳು, ತೆಗೆ ಎಂದಾಗ ತೆಗೆದಳು, ಒಮ್ಮೆಯೂ ಅದನ್ನು ಓದಿ ನೋಡಿದವಳಲ್ಲ. ಲ್ಯಾಮಿನೇಷನ್ ಮಾಡಿಸಿದರೆ ಪ್ರತಿ ವರ್ಷ ಹೊಸತು ಬೇಡ ಎಂದು ಹೇಳಿ ಶಭಾಸ್ ಅನ್ನಿಸಿಕೊಂಡವಳೂ ಅವಳೇ.

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ, ಗಂಟೆ ಹೊಡೆದ ಮೇಲೂ ಎರಡನೇ ವರ್ಷದ ತನುಶ್ರೀ ಆ ಬೋರ್ಡಿನ ಮುಂದೆ ನಿಂತೇ ಇದ್ದಳು.

"ಎಂತ ಹುಡುಕ್ತಿದ್ದಿ ಮಗಾ?"

"ಕಂಪ್ಲೇಂಟ್ ಯಾರಿಗೆ ಕೊಡುದು ಅಂತ ಇಲ್ಲಿ ಇರ್ತದಂತೆ, ಕುಶಲಕ್ಕ. ಇಲ್ಲ."

ಗಾಜಿನೊಳಗೆ ಇದ್ದದ್ದು ಕಾಲೇಜ್ ಡೇ ಫೋಟೋಗಳು. ನಡುವೆ ಕಲ್ಚರಲ್ ಸೆಕ್ರೆಟರಿ ಗೌರವ್ ಶೀಲ್ಡ್ ಹಿಡಿದು ನಗುತ್ತಿದ್ದ. ಹುಡುಗಿ ಅವನನ್ನು ಬೆರಳಿಟ್ಟು ತೋರಿಸಿ, ಆ ಬೆರಳನ್ನು ಶಾಲಿಗೆ ಒರೆಸಿಕೊಂಡಳು. ರಿಹರ್ಸಲ್ ಮುಗಿದ ಮೇಲೆ ಗ್ರೀನ್ ರೂಮಿನ ಬಾಗಿಲು ಹಾಕಿ ಅವನು ಮಾಡಿದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಕುಶಲಾ ಐದನೆಯದನ್ನು ಕೇಳಲಿಲ್ಲ. ಕೇಳಬೇಕಾದವರ ಹೆಸರು ತನ್ನ ಕಪಾಟಿನಲ್ಲಿತ್ತು. ಬಚ್ಚಿಟ್ಟದ್ದು ತನ್ನ ಕೈಯೇ.

ಹಾಳೆ ತೆಗೆದು ಮೊದಲ ನಂಬರಿಗೆ ಫೋನ್ ಮಾಡಿದಳು. ಅದು ಸಮಿತಿಯ ಅಧ್ಯಕ್ಷೆ ಎಸ್ತೆರ್ ಮೇಡಂ ಅವರದ್ದು.

"ನಾನು ರಿಟೈರ್ ಆಗಿ ನಾಲ್ಕು ವರ್ಷ ಆಯ್ತಲ್ಲ ಕುಶಲಾ. ಇನ್ನೂ ನನ್ನ ಹೆಸರು ಉಂಟಾ?"

"ಉಂಟು ಮೇಡಂ. ಲ್ಯಾಮಿನೇಷನ್ ಮಾಡಿಸಿದ್ದು ನಾನೇ."

ದೂರು ಬರೆದು ಪ್ರಿನ್ಸಿಪಾಲರಿಗೆ ಕೊಡಲಿ, ನಕಲಿಗೆ ಸೀಲು ಹಾಕಿಸಿಕೊಳ್ಳಲಿ, ಪೊಲೀಸರ ಹತ್ತಿರ ಹೋಗುವುದಾದರೆ ಅದೂ ಅವಳ ಹಕ್ಕು, ಹುಡುಗಿಯನ್ನು ಒಬ್ಬಳೇ ಬಿಡಬೇಡ ಎಂದರು ಎಸ್ತೆರ್. ಕುಶಲಾ ಬಿಡಲಿಲ್ಲ.

ರಿಹರ್ಸಲ್ ಮುಗಿದ ಮೇಲೆ ನೀನು ಯಾಕೆ ಉಳಿದದ್ದು ಎಂದು ಪ್ರಿನ್ಸಿಪಾಲ್ ಲೋಕನಾಥರು ಮೊದಲು ಕೇಳಿದರು. ಆಮೇಲೆ ಹುಡುಗನ ಭವಿಷ್ಯದ ಬಗ್ಗೆ ಮರುಗಿದರು. ಕೊನೆಗೆ ಕುಶಲಾಳತ್ತ ತಿರುಗಿದರು.

"ನೀನು ಎಂತಕ್ಕೆ ಬಂದದ್ದು? ನಿನ್ನ ಕೆಲಸ ಬೋರ್ಡು."

"ಬೋರ್ಡಿನ ಕೆಲಸಕ್ಕೇ ಬಂದದ್ದು ಸರ್. ಸಮಿತಿಯಲ್ಲಿ ಈಗ ಯಾರೆಲ್ಲ ಉಂಟು ಹೇಳಿ, ಬರೆದು ಹಾಕ್ತೇನೆ."

ಅವರ ಬಳಿ ಒಂದು ಹೆಸರೂ ಇರಲಿಲ್ಲ. ಸಂಜೆ ಐದರವರೆಗೆ ಹುಡುಗಿ, ಕುಶಲಾ ಇಬ್ಬರೂ ಆಫೀಸಿನ ಹೊರಗಿನ ಬೆಂಚಿನಿಂದ ಏಳದಿದ್ದುದಕ್ಕೆ ದೂರಿನ ನಕಲಿಗೆ ಸೀಲು ಬಿತ್ತು. ಹದಿನೈದು ದಿನದಲ್ಲಿ ಹೊಸ ಸಮಿತಿಯೂ ಹುಟ್ಟಿತು.

ವಿಚಾರಣೆ ಇನ್ನೂ ನಡೆಯುತ್ತಿದೆ. ಗೌರವ್ ಪರೀಕ್ಷೆ ಬರೆದ. ಕುಶಲಾಳಿಂದ ಕೀ ಕಿತ್ತುಕೊಂಡು ಅವಳನ್ನು ಲೈಬ್ರರಿಯ ಧೂಳು ಹೊಡೆಯಲು ಹಾಕಿದ್ದಾರೆ. ಹೊಸ ಹೆಸರುಗಳ ಹಾಳೆ ಒಂಬತ್ತು ದಿನ ಬೋರ್ಡಿನಲ್ಲಿತ್ತು. ಈಗ ಅಲ್ಲಿ ಅಡ್ಮಿಷನ್ ಜಾಹೀರಾತು. ತನುಶ್ರೀ ಮಾತ್ರ ಕ್ಲಾಸು ಬಿಟ್ಟಿಲ್ಲ, ಏಕೆಂದರೆ ಬಸ್ ಸ್ಟಾಪಿನಿಂದ ಕ್ಲಾಸಿನವರೆಗೆ ದಿನಾ ಪಕ್ಕದಲ್ಲಿ ಒಬ್ಬಳು ಅಟೆಂಡರ್ ನಡೆಯುತ್ತಾಳೆ.

ಫೀಸು ಕಟ್ಟಲು ಕ್ಯೂ ನಿಲ್ಲುವ ಅಪ್ಪ ಅಮ್ಮಂದಿರೇ, ನಾಳೆ ನಿಮ್ಮ ಮಕ್ಕಳ ಕಾಲೇಜಿಗೆ ಹೋಗಿ. ಬೋರ್ಡಿನಲ್ಲಿ ಆ ಹಾಳೆ ಇಲ್ಲದಿದ್ದರೆ ಬರುವವರೆಗೆ ಕದಲಬೇಡಿ. ಇದ್ದರೆ ಅಲ್ಲೇ ನಿಂತು ಮೊದಲ ನಂಬರಿಗೆ ಫೋನ್ ಮಾಡಿ. ಯಾರು ಎತ್ತುತ್ತಾರೆ ನೋಡಿ.