ಹಂಚು ಇಡುವ ಹೊತ್ತು

ಮೊನ್ನೆ ನನ್ನ ಮೊಮ್ಮಗ ಹೊತ್ತಿಗೆ ಬಂದು ಬಿಸಿ ರೊಟ್ಟಿ ತಿಂದ. ಇಷ್ಟೇ ಸುದ್ದಿ. ಆದರೂ ಬಿಜ್ಜರಗಿಯ ನಮ್ಮ ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಮನೆಯಲ್ಲಿ ಇರುವವರಿಗೆ ಮೆತ್ತನೆಯ ಬಿಸಿ ರೊಟ್ಟಿ, ದೂರ ಹೋಗುವವರಿಗೆ ಒಣಗಿಸಿದ ಖಡಕ್ ರೊಟ್ಟಿ. ಇದು ನಮ್ಮ ರೂಢಿ. ತಾಯಿಯಿಲ್ಲದ ಅವನನ್ನು ನಾನೇ ಬೆಳೆಸಿದೆ. ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ದುಡಿಯಲು ಹೋಗುತ್ತಿದ್ದವನು ಕುಡಿತಕ್ಕೆ ಬಿದ್ದ. ಆಮೇಲೆ ಮನೆಗೆ ಯಾವಾಗ ಬರುತ್ತಾನೋ ಗೊತ್ತಾಗುತ್ತಿರಲಿಲ್ಲ. ಅವನಿಗೆಂದು ತೆಗೆದಿಟ್ಟ ಬಿಸಿ ರೊಟ್ಟಿ ಆರಿ ಬಿರುಸಾಗುತ್ತಿತ್ತು. ಕೊನೆಗೆ ಅವನ ಪಾಲಿನದನ್ನು ಖಡಕ್ ಮಾಡಿಯೇ ಬುಟ್ಟಿಗೆ ಹಾಕಿಡತೊಡಗಿದೆ. ಒಂದೇ ಮನೆಯಲ್ಲಿದ್ದರೂ ಊರು ಬಿಟ್ಟವನ ಹಾಗಿದ್ದ.

ದೇವರ ಮುಂದೆ ಆಣೆ ಮಾಡಿಸಿದೆ. ಕಾಖಂಡಕಿಗೆ ಕರೆದೊಯ್ದು ಕುಡಿತ ಬಿಡಿಸುವ ದಾರ ಕಟ್ಟಿಸಿದೆ. ದಾರ ಕೈಯಲ್ಲೇ ಇತ್ತು, ಅವನು ಮಾತ್ರ ಮತ್ತೆ ಸಾರಾಯಿ ಅಂಗಡಿಯಲ್ಲಿ.

ಊರಿನ ಆಶಾ ಕಾರ್ಯಕರ್ತೆ ಒಂದು ದಿನ ಕಟ್ಟೆಗೆ ಬಂದು ಕುಳಿತಳು. "ಆಯಿ, ಇದು ಬ್ಯಾನಿ ಐತ್ರಿ. ಜ್ವರ ಬಂದ್ರ ಆಣಿ ಮಾಡಸ್ತೀರೇನು? ವಿಜಾಪುರದ ದೊಡ್ಡ ದವಾಖಾನಿಗೆ, ಮನಸಿನ ಡಾಕ್ಟರ ಕಡೆ ಕರಕೊಂಡ ಹೋಗೂಣ. ಮನ್ಯಾಗ ಒಮ್ಮಿಗೇ ಬಿಡಸಾಕ ಹೋಗಬ್ಯಾಡ್ರಿ, ಜೀವಕ್ಕ ತ್ರಾಸ ಆಗ್ತೈತಿ."

"ಹುಚ್ಚರ ಡಾಕ್ಟರ ಹಂತ್ಯಾಕ ನಾ ಬರೂದಿಲ್ಲ" ಎಂದ ಮೊಮ್ಮಗ.

"ನಿನ್ನ ಮಗ್ಗಲದಾಗ ನಾನೂ ಕೂಡ್ತೇನಿ ಬಾರೋ. ಇಬ್ಬರಿಗೂ ಹುಚ್ಚ ಅನ್ಲಿ" ಎಂದೆ. ನಕ್ಕುಬಿಟ್ಟ. ಆ ನಗುವಿನಲ್ಲೇ ಬಸ್ಸು ಹತ್ತಿಸಿದೆ.

ದವಾಖಾನೆಯಲ್ಲಿ ಇರಿಸಿಕೊಂಡರು. ಮಂಚದ ಮೇಲಿರುವವನೂ ದೂರ ಹೋದವನೇ ಅಲ್ಲವೇ? ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದೆ.

"ಏನ್ ಬೇ ಆಯಿ, ನಾ ಇಲ್ಲೇ ಮನಿ ಮಾಡ್ಲೇನು?" ಎಂದ ಗಂಟು ನೋಡಿ.

ಅಕ್ಕಪಕ್ಕದ ಮಂಚದವರೆಲ್ಲ ಕೈಯೊಡ್ಡಿದರು. ವಾರ್ಡಿನ ತುಂಬ ಕಟುಂಕುಟುಂ ಸಪ್ಪಳ. "ಇದೇನ್ ದವಾಖಾನಿನೋ ಖಾನಾವಳಿನೋ?" ಎಂದು ಬೈಯುತ್ತ ಬಂದ ನರ್ಸ್ ತಾನೂ ಒಂದು ತುಂಡು ಮುರಿದುಕೊಂಡಳು. ಅವನೊಬ್ಬ ಮುಟ್ಟಲಿಲ್ಲ. ನನ್ನ ಸೆರಗು ಹಿಡಿದ.

"ನನಗ ಇದು ಬ್ಯಾಡ ಆಯಿ. ಬಿಸಿ ರೊಟ್ಟಿ ಬೇಕು. ಹೊತ್ತಿಗೆ ಬರ್ತೇನಿ."

ಈಗ ಮನೆಗೆ ಬಂದಿದ್ದಾನೆ. ಗುಳಿಗೆ ತಪ್ಪಿಸುವುದಿಲ್ಲ. ಆಗಾಗ ವಿಜಾಪುರಕ್ಕೆ ಹೋಗಿ ಡಾಕ್ಟರರನ್ನು ಕಂಡು, ಕುಡಿತ ಬಿಟ್ಟವರ ಜೊತೆ ಕೂತು ಮಾತಾಡಿ ಬರುತ್ತಾನೆ. "ಒಮ್ಮೊಮ್ಮಿ ಕಾಲ ಜಾರಬಹುದು. ಜಾರಿದ್ರ ಹೊರಗ ಹಾಕಬ್ಯಾಡ್ರಿ, ಇಲ್ಲಿಗೆ ಕರಕೊಂಡ ಬರ್ರಿ" ಎಂದಿದ್ದಾರೆ ಡಾಕ್ಟರು. ಅದಕ್ಕೇ ಅವನು ಹೋದ ದಿನ ನನ್ನ ಜೀವವೆಲ್ಲ ರಸ್ತೆಯ ಕಡೆಗೆ. ಹಿಟ್ಟು ನಾದಿ ಇಟ್ಟುಕೊಂಡಿರುತ್ತೇನೆ. ರೊಟ್ಟಿ ಬೇಯಿಸುವ ಹಂಚನ್ನು ಒಲೆಯ ಮೇಲೆ ಇಡಲು ಮಾತ್ರ ಧೈರ್ಯವಾಗುವುದಿಲ್ಲ.

ಮೊನ್ನೆ ಕತ್ತಲಾಗುವ ಮೊದಲೇ ಫೋನು ಬಂತು. "ಆಯಿ, ಟಿಕೋಟಾ ದಾಟೇನಿ. ಹಂಚ ಇಡಬೇ!"

ಎಷ್ಟು ವರ್ಷದಿಂದ ಆ ಮಾತಿಗೆ ಹಸಿದಿದ್ದೆನೋ! ಇಟ್ಟೆ. ಅವನು ಹೊಸ್ತಿಲು ದಾಟುವುದಕ್ಕೂ ರೊಟ್ಟಿ ಉಬ್ಬುವುದಕ್ಕೂ ಸರಿಹೋಯಿತು.

ಬುಟ್ಟಿಯಲ್ಲಿ ಉಳಿದ ಖಡಕ್ ರೊಟ್ಟಿಯನ್ನು ನಾನೇ ಚಹಾದಲ್ಲಿ ಅದ್ದಿ ತಿಂದು ಮುಗಿಸುತ್ತಿದ್ದೇನೆ. ಹೊಸದಾಗಿ ಒಣಗಿಸಿಲ್ಲ.