ಅಪ್ಪನ ತೋಳನ್ನೂ ಕೇಳುವ ಗೋದಾವರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನರಸಿಂಹರಾಜಪುರದ ಹೊರಗಿನ ಮನೆಯೊಂದರಲ್ಲಿ, ಒಲೆಯ ಮುಂದೆ ಕೂತು ಗೋದಾವರಿ ಅಂಗೈ ಕಾಯಿಸಿಕೊಳ್ಳುತ್ತಿದ್ದಾರೆ. ಆ ಬಿಸಿ ಅಂಗೈಯಲ್ಲಿ ಐದು ವರ್ಷದ ಈಶಾನನ ಮೊಣಕೈ ಹಿಡಿದು, ಸೆಟೆದ ತೋಳು ತಾನಾಗಿ ಸಡಿಲಾಗುವವರೆಗೆ ಕಾಯುತ್ತಾರೆ. ಕೊಂಚ ಬಿಟ್ಟುಕೊಟ್ಟಿತೋ ಇಲ್ಲವೋ, ಸೂಜಿ ಒಳಗೆ ಹೋಗಿ ರಕ್ತ ನಳಿಗೆಗೆ ಬಂದಾಗಿದೆ. ಅಳಲೆಂದು ಬಾಯಿ ತೆರೆದ ಹುಡುಗ, ಅಳುವಂಥದ್ದೇನೂ ಆಗಲಿಲ್ಲವಲ್ಲ ಎಂಬಂತೆ ಮುಚ್ಚಿಕೊಳ್ಳುತ್ತಾನೆ.

“ಎಳೆದಾಡಿದ್ರೆ ಕೈ ಇನ್ನೂ ಬಿಗಿ ಆಗುತ್ತೆ ಮಾರಾಯ್ರೆ. ಕಾಯ್ಬೇಕು. ಕಾಯೋದಕ್ಕೆ ಯಾರೂ ಸಂಬಳ ಕೊಡಲ್ಲ, ಅದಕ್ಕೇ ಯಾರೂ ಕಾಯಲ್ಲ,” ಎಂದು ನಗುತ್ತಾರೆ.

ಹಿರೇಕೊಡಿಗೆಯ ಗೋದಾವರಿಗೆ ಈಗ ಐವತ್ತರ ಆಸುಪಾಸು. ಕೊಪ್ಪದ ಸಣ್ಣ ಲ್ಯಾಬೊಂದರಲ್ಲಿ ರಕ್ತ ತೆಗೆಯುವುದು ಅವರ ಕೆಲಸ. ಹಾಸಿಗೆ ಹಿಡಿದವರ, ನಡುಗುವವರ, ಸೆಟೆದ ಮಕ್ಕಳ ಮನೆಗೆ ಸ್ಕೂಟರಿನಲ್ಲಿ ಹೋಗುವವರು ಇವರೊಬ್ಬರೇ. ದಿನಕ್ಕೆ ಏಳೆಂಟು ಮನೆ. ರಕ್ತದ ನಳಿಗೆಗಳ ಐಸ್ ಡಬ್ಬಿ ದೊಡ್ಡ ಲ್ಯಾಬಿಗೆ ಹೋಗುವ ಬೆಳಗಿನ ಬಸ್ಸು ಹತ್ತಬೇಕು, ತಪ್ಪಿದರೆ ಆ ದಿನದ ರಕ್ತವೆಲ್ಲ ನೀರುಪಾಲು. ಮಳೆಗಾಲದಲ್ಲಿ ಕಿಗ್ಗದ ದಾರಿಯಲ್ಲಿ ಬಿದ್ದು ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚುವ ಮೊದಲೇ ಕೆಲಸಕ್ಕೆ ಮರಳಿದರು.

ಆ ನಗುವಿನ ಹಿಂದೆ ಒಂದು ಹಳೆಯ ಸಿಟ್ಟೂ ಇದೆ. ಅಕ್ಕ ಸುಬ್ಬಲಕ್ಷ್ಮಿಯ ಮಗುವಿಗೆ ಫಿಟ್ಸ್ ಬರುತ್ತಿತ್ತು. ದೋಷ ತಾಯಿಯದೇ ಎಂದು ಗಂಡನ ಮನೆಯವರು ಇಬ್ಬರನ್ನೂ ತವರಿಗೆ ಅಟ್ಟಿದರು. “ಒಂದು ಪರೀಕ್ಷೆ ಇಲ್ಲ, ಎಂತದೂ ಇಲ್ಲ. ತೀರ್ಪು ಮಾತ್ರ ರೆಡಿ ಇತ್ತು,” ಎನ್ನುವಾಗ ಅವರ ದನಿ ಇವತ್ತಿಗೂ ಕಾದ ಕಬ್ಬಿಣದಂತಿರುತ್ತದೆ.

ಕೆಲ ಕಾಲದ ಹಿಂದೆ ಈಶಾನನ ಮನೆಯಲ್ಲೂ ಅದೇ ತೀರ್ಪು ಸಿದ್ಧವಾಗುತ್ತಿತ್ತು. ಓಡಾಡಿಕೊಂಡಿದ್ದ ಮಗುವಿಗೆ ತಾಯಿಯ ತವರಿನಲ್ಲಿ ಜ್ವರ ಬಂತು. ಜ್ವರ ಇಳಿಯಿತು, ಆದರೆ ಕೈಕಾಲು ಸೆಟೆದವು, ಮಾತು ನಿಂತಿತು. “ಚೆನ್ನಾಗಿದ್ದ ಮಗೂನ ಕರ್ಕೊಂಡು ಹೋಗಿ ಹಾಳು ಮಾಡಿ ತಂದ್ಲು,” ಎಂದು ಅಜ್ಜಿ ಕಲ್ಲಮ್ಮ ಊರಿಗೆಲ್ಲ ಹೇಳಿದರು. ಪರೀಕ್ಷೆಯಲ್ಲಿ ಇವಳದೇ ದೋಷ ಎಂದು ಬಂದರೆ ಸೊಸೆ ರಶ್ಮಿ ಮಗುವಿನೊಂದಿಗೆ ತವರಿಗೆ ಹೊರಡಬೇಕು ಎಂಬ ಮಾತೂ ಆಗಿಹೋಗಿತ್ತು.

ನರರೋಗ ವೈದ್ಯರು ಮೂವರ ರಕ್ತ ಕೇಳಿದ್ದರು: ಮಗುವಿನದು, ತಾಯಿಯದು, ತಂದೆಯದು. ಆದರೆ ಪೂಜೆ ಮಾಡಿದ ಗಂಡಸಿನ ಮೈಯಿಂದ ಸೋಮವಾರ ರಕ್ತ ತೆಗೆಯುವಂತಿಲ್ಲ, ಅದು ಈ ಮನೆಯ ಪದ್ಧತಿ. ಬೇರೆ ದಿನ ಹೋದರೆ ಅಮಾವಾಸ್ಯೆ. ಆಮೇಲೆ ಶ್ರಾವಣ. ಹೆಂಗಸಿನ ರಕ್ತಕ್ಕೆ ಮಾತ್ರ ಯಾವ ವಾರವೂ ಅಡ್ಡಿಯಿಲ್ಲ ನೋಡಿ!

ಶ್ರಾವಣ ಕಳೆದ ಮೇಲೂ ಕಲ್ಲಮ್ಮ ಅಡ್ಡ ನಿಂತರು. “ನಮ್ಮ ಮನೆತನದಲ್ಲಿ ಇಂಥದ್ದಿಲ್ಲ. ಅವಳದ್ದು ತಗೊಂಡು ಹೋಗು, ಸಾಕು.”

ಗೋದಾವರಿ ಮಗುವಿನ ರಕ್ತ ತೆಗೆದು ಜಗಲಿಯಲ್ಲಿ ಕೂತುಬಿಟ್ಟರು. “ಅವಳೊಬ್ಬಳದ್ದೇ ಆದ್ರೆ ನಾನು ಸೂಜಿ ಮುಟ್ಟಲ್ಲ ಕಲ್ಲಮ್ಮನೋರೆ. ಒಬ್ಬಳನ್ನೇ ಹುಡುಕಿದ್ರೆ ಒಬ್ಬಳೇ ಸಿಗ್ತಾಳೆ.”

“ನೀನು ರಕ್ತ ತೆಗೆಯೋಳು. ನಿಂಗೆ ಎಂತಕ್ಕೆ ಮನೆ ಪಂಚಾಯ್ತಿ?”

“ರಕ್ತ ತೆಗೆಯೋಳು ಅಂತಾನೇ ಕೇಳ್ತಿರೋದು. ಉಜ್ವಲ್, ಮಗು ನಿಮ್ದೂ ಹೌದಲ್ಲ?”

ಬಸ್ಸಿನ ಹೊತ್ತು ಮೀರುತ್ತಿತ್ತು. ಮೋಟಾರ್ ರಿಪೇರಿ ಅಂಗಡಿಗೆ ಹೊರಟಿದ್ದ ಈಶಾನನ ಅಪ್ಪ ಉಜ್ವಲ್ ಮೆಟ್ಟಿಲಲ್ಲೇ ನಿಂತ. ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಅಂಗಿಯ ತೋಳು ಮಡಚಿ ಬಂದು ಕೂತ. ಸೂಜಿ ಕಂಡದ್ದೇ ಆಸಾಮಿ ಮೂರ್ಛೆ ಹೋದ! ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿ, ಮಲಗಿಸಿಕೊಂಡೇ ರಕ್ತ ತೆಗೆದದ್ದಾಯಿತು. ಆಮೇಲೆ ರಶ್ಮಿ ತಾನಾಗಿ ಕೈ ಚಾಚಿದಳು.

ವರದಿ ಬಂತು. ನಮ್ಮ ಜೀವಕೋಶಗಳು ತಮ್ಮ ಕೆಲಸಕ್ಕೆಂದು ಡಿಎನ್‌ಎಯಿಂದ ಆರ್‌ಎನ್‌ಎ ಎಂಬ ನಕಲು ತೆಗೆಯುತ್ತವೆ. ಅಡಾರ್ ಎಂಬ ಕಿಣ್ವ ಆ ನಕಲನ್ನು ಅಲ್ಲಲ್ಲಿ ತಿದ್ದುತ್ತದೆ. ತಿದ್ದಿದ್ದನ್ನು ಕಂಡು ದೇಹದ ಕಾವಲು ಪಡೆ, ಇದು ನಮ್ಮದೇ ಎಂದು ಸುಮ್ಮನಿರುತ್ತದೆ. ಈಶಾನನಲ್ಲಿ ಆ ಕಿಣ್ವ ದುರ್ಬಲ. ಹಾಗಾಗಿ ದೇಹ ತನ್ನದನ್ನೇ ವೈರಾಣುವಿನದೆಂದು ತಿಳಿದು ಮೇಲೆ ಬೀಳುತ್ತದೆ. ಜ್ವರ ನೆಪವಷ್ಟೇ, ಪೆಟ್ಟು ತಿಂದದ್ದು ಮಿದುಳು. “ಮನೆ ನಾಯಿ ಮನೆಯೋರನ್ನೇ ಕಚ್ಚಿದ ಹಾಗೆ ಅಂತ ಡಾಕ್ಟ್ರು ಹೇಳಿದ್ರು,” ಎನ್ನುತ್ತಾರೆ ಗೋದಾವರಿ. ಆ ಕಿಣ್ವದ ಜೀನಿನಲ್ಲಿ ಮಗುವಿಗೆ ಬಂದ ದೋಷ ಎರಡು. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಒಂದೇ ಇದ್ದಿದ್ದರೆ ಹುಡುಗ ಅಪ್ಪ ಅಮ್ಮನ ಹಾಗೇ ಓಡಾಡಿಕೊಂಡಿರುತ್ತಿದ್ದ.

ತವರಿನ ಮಾತು ಅಲ್ಲಿಗೆ ನಿಂತಿತು. ಪೂರ್ತಿ ಗುಣಪಡಿಸುವ ಔಷಧಿಯಿಲ್ಲ. ಉರಿಯೂತ ತಗ್ಗಿಸುವ ಮಾತ್ರೆಯೊಂದನ್ನು ಕೊಟ್ಟು ನೋಡುತ್ತಿದ್ದಾರೆ, ಅದಕ್ಕೇ ಆಗಾಗ ಈ ರಕ್ತಪರೀಕ್ಷೆ. ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ಕೇಳಿದರೆ ರಶ್ಮಿ ತಲೆಯೆತ್ತಿ ಹೇಳುತ್ತಾಳೆ: “ಹಾಕಿ. ನನ್ನ ಹೆಸರು ಊರಲ್ಲಿ ಆಗ್ಲೇ ಓಡಾಡಿದೆ. ಈಗ ಸರಿಯಾಗಿ ಓಡಾಡ್ಲಿ.”

ಇಂದು ಈಶಾನನ ನಳಿಗೆಯನ್ನು ಡಬ್ಬಿಗಿಟ್ಟು ಗೋದಾವರಿ ಏಳುವಷ್ಟರಲ್ಲಿ ಕಲ್ಲಮ್ಮ ಸೆರಗು ಸರಿಸಿ ತಮ್ಮ ತೋಳು ಚಾಚುತ್ತಾರೆ. ಕಣ್ಣು ತುಂಬಿದೆ. “ನಂದೂ ತಗೊಳ್ಳೇ. ಉಜ್ವಲ್‌ಗೆ ಇದು ನನ್ನಿಂದ ಬಂತೋ, ಅವರಪ್ಪನಿಂದ ಬಂತೋ ಗೊತ್ತಾಗ್ಲಿ.”

ಗೋದಾವರಿ ಆ ತೋಳನ್ನು ಬಿಸಿ ಅಂಗೈಯಲ್ಲಿ ಒಂದು ಗಳಿಗೆ ಹಿಡಿಯುತ್ತಾರೆ. ಆಮೇಲೆ ಸೆರಗನ್ನು ಮೊದಲಿನಂತೆ ಹೊದಿಸುತ್ತಾರೆ.

“ಮದ್ದಿಗೆ ಬೇಕು ಅಂತ ಡಾಕ್ಟ್ರು ಕೇಳ್ಲಿ, ಆಗ ತಗೊಳ್ತೀನಿ. ಯಾರ ತಪ್ಪು ಅಂತ ಹುಡುಕೋಕೆ ಅಂದ್ರೆ, ಅವತ್ತು ನಿಮ್ಮ ಸೊಸೆ ಒಬ್ಬಳದ್ದೇ ತೆಗೀಲಿಲ್ಲ, ಇವತ್ತು ನಿಮ್ದೂ ತೆಗೆಯಲ್ಲ.”