ಚಾರ್ಜ್‌ಶೀಟಿನಲ್ಲಿ ತಪ್ಪಿದ ಅಕ್ಷರ

ನನ್ನ ತಮ್ಮನ ಎಡಗಣ್ಣು ಹೋದದ್ದು ಮಾರ್ಕೆಟ್ ಯಾರ್ಡಿನಲ್ಲಿ, ಹಾಡಹಗಲಲ್ಲಿ, ನೂರಾರು ಜನರ ನಡುವೆ. ಅಲ್ಲಿನ ಈರುಳ್ಳಿ ಅಂಗಡಿಯೊಂದರಲ್ಲಿ ಅವನು ಗುಮಾಸ್ತ. ಬಾಗಿಲಿಗೆ ಅಡ್ಡ ನಿಂತಿದ್ದ ಟೆಂಪೊ ತೆಗೆಯಲು ಹೇಳಿ, ಮತ್ತೆ ತೂಕ ನೋಡಲು ಬಗ್ಗಿದ್ದ. ಟೆಂಪೊ ಚಾಲಕ ಪಕ್ಕದಿಂದ ಬಂದು ಕಬ್ಬಿಣದ ಸರಳಿನಿಂದ ಹೊಡೆದ. ಹೊಡೆದವನು ತಮ್ಮನಿಗೆ ಕಾಣಲಿಲ್ಲ. ಎದುರಿಗಿದ್ದ ಹಮಾಲನೊಬ್ಬನಿಗೆ ಮಾತ್ರ ಸ್ಪಷ್ಟವಾಗಿ ಕಂಡಿತ್ತು.

ಠಾಣೆಗೆ ಹೋದವಳು ನಾನು. ಇಲ್ಲಿ ಠಾಣೆ, ಕೋರ್ಟಿನ ಕಾಗದವೆಲ್ಲ ಮರಾಠಿಯಲ್ಲಿ; ಮನೆಯಲ್ಲಿ ಅದನ್ನು ಸರಾಗವಾಗಿ ಓದಬಲ್ಲವಳು ನಾನೇ. ಹವಾಲ್ದಾರ ಟೈಪು ಮಾಡಿ ಕೊಟ್ಟ ದೂರಿನ ಹಾಳೆಯಲ್ಲಿ ಚಾಲಕನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ತೋರಿಸಿದೆ. ಅವನು ತಲೆ ಎತ್ತದೆ, "ನಂತರ ಕರೂ, ತಾಈ" ಎಂದ. ಆಮೇಲೆ ಸರಿಮಾಡುತ್ತಾರಂತೆ. ತಮ್ಮನನ್ನು ಆಪರೇಷನ್‌ಗೆ ಒಯ್ಯುವ ಹೊತ್ತಾಗಿತ್ತು. ಸಹಿ ಹಾಕಿ ಓಡಿದೆ.

ಯಾರೂ ಸರಿಮಾಡಲಿಲ್ಲ. ಅದೇ ಹೆಸರು ಚಾರ್ಜ್‌ಶೀಟಿಗೂ ಇಳಿಯಿತು. ಆ ಒಂದಕ್ಷರದಿಂದ ಅದು ಚಾಲಕನ ಚಿಕ್ಕಪ್ಪನ ಮಗನ ಹೆಸರಾಗಿತ್ತು. ಶಿವಾಜಿನಗರದ ಕೋರ್ಟಿನಲ್ಲಿ ಚಾಲಕನ ವಕೀಲ ಮೊದಲ ದಿನವೇ ಎದ್ದು, ಇದರಲ್ಲಿರುವವನು ನನ್ನ ಕಕ್ಷಿದಾರನೇ ಅಲ್ಲ ಎಂದ.

ತಮ್ಮ ನನ್ನತ್ತ ಬಾಗಿ ಕೇಳಿದ: "ಅಕ್ಕಾ, ಹೆಸರು ತಪ್ಪು ಬರದಾರೇನು?"

"ಹೌದೋ. ನಾ ಅವತ್ತ ನೋಡಿದ್ದೆ."

"ನೋಡಿ ಸಹಿ ಮಾಡಿದೇನು?"

ನಾನು ನ್ಯಾಯಾಧೀಶರತ್ತ ತಿರುಗಿದೆ.

ನ್ಯಾಯಾಧೀಶರು ಒಳ್ಳೆಯವರೇ. ಒಂದು ಅಕ್ಷರಕ್ಕೆ ಕೇಸು ಬೀಳುವುದಿಲ್ಲ, ತಿದ್ದುಪಡಿಗೆ ಅರ್ಜಿ ಕೊಡಿ ಎಂದರು. ಕಾನೂನು ನಮ್ಮ ಕಡೆಗೇ ಇತ್ತು. ಆದರೆ ತನಿಖೆ ಮಾಡಿದ ಅಧಿಕಾರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೊಸಬರಿಗೆ ಫೈಲು ಸಿಗಲಿಲ್ಲ. ಸಿಕ್ಕಾಗ ಸರ್ಕಾರಿ ವಕೀಲರು ರಜೆಯಲ್ಲಿದ್ದರು. ಮುಂದಿನ ತಾರೀಖು, ಮತ್ತೊಂದು ತಾರೀಖು. ಒಂದು ಅಕ್ಷರ ತಿದ್ದಲು ಒಂದೂವರೆ ವರ್ಷ ಹಿಡಿಯಿತು.

ಹಮಾಲ ಅಷ್ಟರಲ್ಲಿ ಕೆಲಸ ಬಿಟ್ಟು ಶಿರೂರಿಗೆ ಹೋಗಿದ್ದ. ಎರಡು ಸಲ ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದ. ಹೆಸರಿನ ವಿಷಯ ಮುಗಿದಿಲ್ಲ ಎಂದು ಎರಡು ಸಲವೂ ವಾಪಸು ಕಳಿಸಿದರು. ಮೂರನೆಯ ಸಲ ಬಂದವನು ನಮ್ಮ ಮುಖ ನೋಡಲಿಲ್ಲ. ಕಟಕಟೆಯಲ್ಲಿ ನಿಂತು, ಅವತ್ತು ಗದ್ದಲವಿತ್ತು, ಹೊಡೆದವರು ಯಾರೆಂದು ಕಾಣಲಿಲ್ಲ ಎಂದ. ಅವನನ್ನು ಯಾರಾದರೂ ಹೆದರಿಸಿದ್ದರೋ, ಅವನಿಗೇ ಬೇಸತ್ತಿತ್ತೋ, ನನಗೆ ಗೊತ್ತಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ.

ತೀರ್ಪನ್ನು ನ್ಯಾಯಾಧೀಶರು ಮೆಲ್ಲಗೆ ಓದಿದರು. ತಮ್ಮನಿಗೆ ಕೇಳಿಸಲಿಲ್ಲ.

"ಏನಂದ್ರು?"

"ಬಿಟ್ರು."

"ಅವಾ ಹೊಡದಿಲ್ಲಂತೇನು?"

"ಹೊಡದಾನೋ ಇಲ್ಲೋ ಗೊತ್ತಾಗಲಿಲ್ಲಂತ."

ತೀರ್ಪಿನಲ್ಲಿ ಸಾಕ್ಷಿ ಸಾಲದು ಎಂದಷ್ಟೇ ಇದೆ. ತಪ್ಪು ಹೆಸರಿನ ಮಾತೇ ಇಲ್ಲ. ಓದಿದವರಿಗೆ ಪೊಲೀಸರದಾಗಲೀ ನನ್ನದಾಗಲೀ ಏನೂ ತಪ್ಪು ಕಾಣುವುದಿಲ್ಲ.

ಅಪೀಲಿಗೆ ಮೇಲಿನವರಿಗೆ ಬರೆದಿದ್ದೇನೆ ಎಂದು ಸರ್ಕಾರಿ ವಕೀಲರು ಹೇಳಿದರು. ಏನೂ ತಿಳಿದುಬಂದಿಲ್ಲ. ಆ ಟೆಂಪೊ ಈಗಲೂ ಅದೇ ಸಾಲಿಗೆ ಬರುತ್ತದೆ. ಅದು ಬಂದಾಗ ತಮ್ಮ ಒಳಗೆ ಹೋಗಿ ಕೂಡುತ್ತಾನೆ ಎಂದು ಅವನ ಅಂಗಡಿಯವರು ನನಗೆ ಹೇಳಿದರು. ಅವನು ಹೇಳಿಲ್ಲ.